ತುಂಗಭದ್ರೆಯ ಎರಡು ದಂಡೆ, ಮಗಳ ಒಂದು ಪಾಲು

ಪಹಣಿಯ 9ನೇ ಕಾಲಂನಲ್ಲಿ ಹೊಲದ ಒಡೆಯರ ಹೆಸರಿರುತ್ತದೆ. ರಾಯಚೂರು, ಕೊಪ್ಪಳ ಕಡೆಯ ಪಹಣಿಗಳಲ್ಲಿ ಗಂಡಸಿನ ಹೆಸರಿನ ಮುಂದೆ ‘ತಂದೆ’ ಎಂದು ಬರೆದು ಅಪ್ಪನ ಹೆಸರು ಕೊಟ್ಟಿರುತ್ತಾರೆ. ಹೆಂಗಸಿನದಾದರೆ ಬಹುಮಟ್ಟಿಗೆ ‘ಗಂಡ’ ಎಂದಿರುತ್ತದೆ. ಗಂಡ ತೀರಿಕೊಂಡ ಮೇಲೆ ಬಂದ ಹೊಲವೋ, ತವರಿನಲ್ಲಿ ಮಗಳಾಗಿ ಪಡೆದ ಹೊಲವೋ ಎಂಬುದು ಆ ಒಂದು ಶಬ್ದದಿಂದ ತಿಳಿಯುವುದಿಲ್ಲ. ತಿಳಿಯಬೇಕೆಂದರೆ 10ನೇ ಕಾಲಂನ ಮ್ಯುಟೇಶನ್ (ಹಕ್ಕು ಬದಲಾವಣೆಯ ದಾಖಲೆ) ನಂಬರು ಹಿಡಿದು ಹಳೆಯ ಕಡತ ತೆಗೆಸಬೇಕು. ತೆಗೆಸಿದಾಗ ಹೆಚ್ಚಾಗಿ ಸಿಗುವುದು ವಿಧವೆಯ ಹಕ್ಕು. ಮಗಳ ಹಕ್ಕು ವಿರಳ.

ಯಾಕೆ ಹೀಗೆ ಎಂದು ಕೇಳಿದರೆ ‘ನಮ್ಮ ಕಡೆ ಹೆಣ್ಣುಮಕ್ಕಳಿಗೆ ಹೊಲ ಕೊಡೋ ಪದ್ಧತಿನೇ ಇಲ್ಲ’ ಎಂಬ ಉತ್ತರ ಬರುತ್ತದೆ. ಆ ಮಾತು ನಿಜವಲ್ಲ. ಪದ್ಧತಿ ಇತ್ತು, ಒಂದಲ್ಲ ಮೂರು ಬಗೆಯಲ್ಲಿತ್ತು. ಆದರೆ ಮಗಳು ಮಗಳಾಗಿಯೇ ಉಳಿದು ಹೊಲ ಪಡೆಯುವ ಹಾಗಿರಲಿಲ್ಲ. ಒಂದೋ ಅವಳೇ ಮಗನಾಗಬೇಕು, ಇಲ್ಲವೇ ಅವಳ ಗಂಡ ಆ ಮನೆಯ ಮಗನಾಗಬೇಕು, ಅದೂ ಇಲ್ಲವೆಂದರೆ ಅವಳಿಗೆ ಕೊಟ್ಟದ್ದಕ್ಕೆ ‘ಪಾಲು’ ಎಂಬ ಹೆಸರಿರಬಾರದು. ಇವತ್ತಿಗೂ ನಾಡಕಚೇರಿಯ ಕಟ್ಟೆಯ ಮೇಲೆ ನಡೆಯುವ ಜಗಳಗಳ ಬೇರು ಅಲ್ಲಿದೆ.

ಕಲ್ಯಾಣದ ಗ್ರಂಥ, ಲಂಡನ್ನಿನ ತೀರ್ಪು

ಆಸ್ತಿ ಹಂಚಿಕೆಯ ಹಿಂದೂ ಕಾನೂನಿಗೆ ಬುನಾದಿಯಾದ ಮಿತಾಕ್ಷರ ಹುಟ್ಟಿದ್ದು ದೂರದಲ್ಲೆಲ್ಲೋ ಅಲ್ಲ. ಕಲ್ಯಾಣದ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ವಿಜ್ಞಾನೇಶ್ವರ ಅದನ್ನು ಬರೆದದ್ದು ಇಂದಿನ ಬಸವಕಲ್ಯಾಣದಲ್ಲಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗ, ಮೊಮ್ಮಗ, ಮರಿಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬುದು ಅದರ ತಿರುಳು. ಹೆಣ್ಣು ಈ ವರ್ತುಲದ ಹೊರಗೆ.

ಆದರೆ ಅದೇ ಗ್ರಂಥದ ಇನ್ನೊಂದು ಮುಖ ಹೆಚ್ಚು ಜನರಿಗೆ ಗೊತ್ತಿಲ್ಲ. ಪಾಲಾಗಿ ಬೇರೆ ಇದ್ದವನು ಗಂಡುಮಕ್ಕಳಿಲ್ಲದೆ ಸತ್ತರೆ ಆಸ್ತಿ ಮೊದಲು ಹೆಂಡತಿಗೆ, ಆಮೇಲೆ ಹೆಣ್ಣುಮಕ್ಕಳಿಗೆ ಎಂದು ವಿಜ್ಞಾನೇಶ್ವರ ಹೇಳುತ್ತಾನೆ. ಸ್ತ್ರೀಧನದ ವಿಷಯದಲ್ಲಂತೂ ಅವನದು ಬಹಳ ವಿಶಾಲವಾದ ನಿಲುವು. ಯಾಜ್ಞವಲ್ಕ್ಯ ಸ್ಮೃತಿ ಸ್ತ್ರೀಧನದ ಬಗೆಗಳನ್ನು ಎಣಿಸಿ ಕೊನೆಗೆ ‘ಆದ್ಯ’ ಎನ್ನುತ್ತದೆ, ಅಂದರೆ ‘ಮೊದಲಾದವು’. ಆ ಒಂದು ಶಬ್ದ ಹಿಡಿದು ವಿಜ್ಞಾನೇಶ್ವರ ವಾರಸಾದಿಂದ ಬಂದದ್ದು, ಕೊಂಡದ್ದು, ವಿಭಾಗದಲ್ಲಿ ಸಿಕ್ಕಿದ್ದು ಎಲ್ಲವೂ ಸ್ತ್ರೀಧನವೇ ಎಂದು ಬರೆದ. ಆ ಮಾತು ನಿಂತಿದ್ದರೆ ಗಂಡನ ಹೊಲ ಪಡೆದ ವಿಧವೆ ಅದರ ಪೂರ್ಣ ಒಡತಿಯಾಗುತ್ತಿದ್ದಳು.

ಆ ಮಾತನ್ನು ಕತ್ತರಿಸಿದ್ದು ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟಾದ ಲಂಡನ್ನಿನ ಪ್ರಿವಿ ಕೌನ್ಸಿಲ್. ಗಂಡನಿಂದ ವಾರಸಾ ಬಂದದ್ದು ಸ್ತ್ರೀಧನವಲ್ಲ ಎಂದು 1867ರಲ್ಲಿ, ವಿಭಾಗದಲ್ಲಿ ಬಂದದ್ದೂ ಅಲ್ಲ ಎಂದು 1912ರಲ್ಲಿ ತೀರ್ಪಾಯಿತು. ಹೆಣ್ಣು ಬದುಕಿರುವವರೆಗೆ ಹೊಲದ ಫಲ ಉಣ್ಣಬಹುದು, ತಕ್ಕ ಕಾರಣವಿಲ್ಲದೆ ಮಾರುವಂತಿಲ್ಲ, ಅವಳ ನಂತರ ಅದು ಗಂಡನ ಕಡೆಯವರಿಗೆ ಮರಳಬೇಕು. ‘ನಮ್ಮ ಹಿರಿಯರ ಕಾಲದಿಂದ ಹೀಗೇ’ ಎಂದು ಇವತ್ತು ಯಾವುದನ್ನು ಹೇಳುತ್ತೇವೋ ಅದರಲ್ಲಿ ದೊಡ್ಡ ಭಾಗ ಸುಮಾರು 150 ವರ್ಷದ ಈಚಿನ ಕೋರ್ಟಿನ ಮಾತು.

ಪಟ್ಟಾ ಬರೆದದ್ದು ಒಂದೇ ಹೆಸರಿಗೆ

1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ದತ್ತ ಮಂಡಲವೆಂದು ಕರೆಯುವ ಈ ಪ್ರದೇಶದಲ್ಲಿ ಥಾಮಸ್ ಮನ್ರೋ 1807ರವರೆಗೆ ಕಲೆಕ್ಟರ್ ಆಗಿದ್ದು ರೈತವಾರಿ ಪದ್ಧತಿಯನ್ನು ಊರಿಸಿದ. ಸರಕಾರ ನೇರವಾಗಿ ರೈತನ ಕೂಡ ವ್ಯವಹರಿಸುವ ಪದ್ಧತಿ ಅದು. ಕಂದಾಯಕ್ಕೆ ಒಬ್ಬ ಹೊಣೆಗಾರ ಬೇಕು, ಆ ಒಬ್ಬ ಮನೆಯ ಯಜಮಾನ. ನದಿಯ ಆಚೆ ರಾಯಚೂರು ದೋಆಬ್ 1853ರಿಂದ 1860ರವರೆಗೆ ಬ್ರಿಟಿಷರ ಕೈಯಲ್ಲಿದ್ದು ಮತ್ತೆ ನಿಜಾಮನಿಗೆ ಸೇರಿತು. ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಹಗೀರಿ. ಕಬ್ಜಾ, ವಾರಸಾ, ತಕರಾರು ಎಂದು ನಮ್ಮ ಕಡೆಯ ಹೊಲದ ಮಾತೆಲ್ಲ ಇವತ್ತಿಗೂ ಅರಬ್ಬಿ–ಪಾರಸಿ ಮೂಲದ್ದಾಗಿರುವುದು ಆ ಕಾಲದ ಗುರುತು. ಎರಡೂ ದಂಡೆಯಲ್ಲಿ ಯಜಮಾನನ ಹೆಸರೇ ಹೊಲದ ಹೆಸರಾಯಿತು.

ಹೊಲದ ಕೆಲಸ ನೋಡಿದರೆ ಆ ಹೆಸರು ಅರ್ಧ ಮಾತ್ರ ಸರಿ. ಎರೆ ಹೊಲದಲ್ಲಿ ಹಿಂಗಾರಿ ಜೋಳ ಬಿತ್ತುವುದನ್ನೇ ತೆಗೆದುಕೊಳ್ಳಿ. ಎತ್ತು ಹೊಡೆದು ಕೂರಿಗೆ ಹಿಡಿಯುವವನು ಗಂಡಸು. ಕೂರಿಗೆಯ ಬಟ್ಟಲಿಗೆ ಬೀಜ ಬಿಡುವವಳು ಹೆಂಗಸು. ಉಡಿಯಲ್ಲಿ ಬೀಜ ಕಟ್ಟಿಕೊಂಡು, ಕೂರಿಗೆಯ ಹಿಂದೆ ಎತ್ತಿನ ನಡಿಗೆಗೆ ಹೆಜ್ಜೆ ಹೊಂದಿಸಿಕೊಂಡು, ಮುಷ್ಟಿಯಿಂದ ಹದವಾಗಿ ಬಿಡುತ್ತ ಹೋಗಬೇಕು. ಎಕರೆಗೆ ಜೋಳದ ಬೀಜ ಸುಮಾರು 3 ಕಿಲೋ. ಮುಷ್ಟಿ ಬಿಗಿಯಾದರೆ ಸಾಲು ತೆಳ್ಳಗಾಗುತ್ತದೆ, ಸಡಿಲಾದರೆ ಸಸಿ ಒತ್ತಾಗಿ ತೆನೆ ಸಣ್ಣದಾಗುತ್ತದೆ. ಕೂರಿಗೆ ಹಿಡಿದವನ ಕೈ ತಪ್ಪಿದರೆ ಸಾಲು ಸೊಟ್ಟಗಾಗುತ್ತದೆ ಅಷ್ಟೇ, ಬೀಜ ಬಿಡುವವಳ ಕೈ ತಪ್ಪಿದರೆ ಬೆಳೆಯೇ ಕೆಡುತ್ತದೆ. ಆದರೂ ನೇಗಿಲನ್ನು ಹೆಣ್ಣು ಮುಟ್ಟಬಾರದು ಎಂಬ ಕಟ್ಟುಪಾಡು ಇತ್ತು. ನೇಗಿಲು ಯಾರದೋ ಹೊಲ ಅವರದು ಎಂಬ ಎಣಿಕೆ ಅಲ್ಲಿಂದಲೇ ಗಟ್ಟಿಯಾಯಿತು.

ಮಗನಾದ ಅಳಿಯ, ಮಗನಾದ ಮಗಳು

ಗಂಡುಮಕ್ಕಳಿಲ್ಲದ ಮನೆಗೆ ಬಳ್ಳಾರಿ ಸೀಮೆಯಲ್ಲಿ ಒಂದು ದಾರಿ ‘ಇಲ್ಲಟಂ’. ತೆಲುಗಿನಿಂದ ಬಂದ ಶಬ್ದ. ಬಳ್ಳಾರಿ, ಕರ್ನೂಲು ಕಡೆಯ ಮೋಟಾಟಿ ಕಾಪು ಅಥವಾ ರೆಡ್ಡಿ ಸಮುದಾಯದಲ್ಲಿದ್ದ ಈ ಪದ್ಧತಿಯನ್ನು ಮದ್ರಾಸ್ ಹೈಕೋರ್ಟ್ 1881ರಲ್ಲಿ ಒಪ್ಪಿಕೊಂಡಿತು. ಬರೀ ಮನೆಅಳಿಯತನಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ. ಮನೆಅಳಿಯನಾಗಿ ಇದ್ದ ಮಾತ್ರಕ್ಕೆ ಹೊಲದ ಹಕ್ಕು ಬರುವುದಿಲ್ಲ. ಇಲ್ಲಟಂ ಅಳಿಯನಾಗಬೇಕಾದರೆ ಮಾವ ಪಾಲು ಕೊಡುವುದಾಗಿ ಮಾತು ಕೊಟ್ಟಿರಬೇಕು, ಅಳಿಯ ಆ ಮನೆಯ ಬೇಸಾಯಕ್ಕೆ ದುಡಿದಿರಬೇಕು. ಮುಂದೆ ಮಾವನಿಗೆ ಗಂಡುಮಗು ಹುಟ್ಟಿದರೂ ಅಳಿಯನಿಗೆ ಮಗನ ಸಮ ಪಾಲು. ದತ್ತು ಹೋದವನ ಹಾಗೆ ತನ್ನ ಹುಟ್ಟಿದ ಮನೆಯ ಹಕ್ಕನ್ನೂ ಅವನು ಕಳೆದುಕೊಳ್ಳುವುದಿಲ್ಲ. ಎರಡು ಕಡೆ ಪಾಲು ಪಡೆಯುವವನು ಅಳಿಯ. ಯಾರ ಸಲುವಾಗಿ ಇದೆಲ್ಲ ನಡೆಯಿತೋ ಆ ಮಗಳಿಗೆ ಸಿಗುವುದು ತವರಲ್ಲೇ ಉಳಿಯುವ ನೆಮ್ಮದಿ. ಅದು ಸಣ್ಣ ಲಾಭವಲ್ಲ, ನಿಜ. ಆದರೆ ಹೊಲ ಗಂಡನ ಹೆಸರಿಗೆ.

ಇನ್ನೊಂದು ದಾರಿ ಬಸವಿ ಬಿಡುವುದು. ಗಂಡುಸಂತಾನವಿಲ್ಲದ ಕೆಲವು ಮನೆಗಳಲ್ಲಿ ಒಬ್ಬ ಮಗಳನ್ನು ದೇವರ ಹೆಸರಿಗೆ ಬಿಡುತ್ತಿದ್ದರು. ಅವಳಿಗೆ ಮದುವೆ ಇಲ್ಲ, ತವರೇ ಮನೆ, ಹುಟ್ಟಿದ ಮಕ್ಕಳು ಅವಳ ತಂದೆಯ ಮನೆತನಕ್ಕೆ ಸೇರುತ್ತಾರೆ. ಅಪ್ಪನ ಕ್ರಿಯೆ ಮಾಡುವ ಅಧಿಕಾರ, ಅಪ್ಪನ ಆಸ್ತಿಯಲ್ಲಿ ಮಗನ ಪಾಲು ಎರಡೂ ಅವಳಿಗೆ. 19ನೇ ಶತಮಾನದ ಕೊನೆಗೆ ಬಳ್ಳಾರಿ ಸೀಮೆಯ ಬಸವಿಯರ ಬಗ್ಗೆ ಬರೆದ ಪೊಲೀಸ್ ಅಧಿಕಾರಿ ಎಫ್. ಫಾಸೆಟ್ ತನ್ನ ಲೇಖನದ ತಲೆಬರಹದಲ್ಲೇ ಇವರನ್ನು ಗಂಡಸರ ಹಕ್ಕು ಪಡೆದ ಹೆಂಗಸರು ಎಂದು ಕರೆದಿದ್ದಾನೆ.

ಈ ಹಕ್ಕಿನ ಮಾತನ್ನು ಇಲ್ಲಿಗೇ ನಿಲ್ಲಿಸಿದರೆ ದೊಡ್ಡ ಅನ್ಯಾಯವಾಗುತ್ತದೆ. ಬಿಡುವಾಗ ಆ ಹುಡುಗಿಯನ್ನು ಯಾರೂ ಕೇಳುತ್ತಿರಲಿಲ್ಲ. ಅವಳ ದೇಹ ಊರಿನ ಬಲ್ಲಿದರ ವಶವಾಯಿತು. ಹೊಲವೇ ಇಲ್ಲದ ಮನೆಗಳ ಹುಡುಗಿಯರಿಗೆ ‘ಮಗನ ಪಾಲು’ ಎಂದರೆ ಅಪ್ಪ ಅವ್ವನನ್ನು ಸಾಕುವ ಹೊರೆ ಮಾತ್ರ. ಮದ್ರಾಸ್ ಪ್ರಾಂತದ ನಿಷೇಧ ಕಾಯ್ದೆ 1947ರಲ್ಲಿ ಬಂತು, ಆಗ ಬಳ್ಳಾರಿ ಮದ್ರಾಸಿನಲ್ಲಿತ್ತು. ಇಡೀ ಕರ್ನಾಟಕಕ್ಕೆ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆಯಾದದ್ದು 1982ರಲ್ಲಿ. ಮಗಳಿಗೆ ಮಗಳಾಗಿಯೇ ಪಾಲಿದ್ದಿದ್ದರೆ ಬಸವಿ ಬಿಡಲು ಮನೆತನಗಳಿಗಿದ್ದ ಕಾರಣಗಳಲ್ಲಿ ಒಂದಾದರೂ ಕಡಿಮೆಯಾಗುತ್ತಿತ್ತು.

ಮೂರನೆಯದು ಅರಿಷಿಣ–ಕುಂಕುಮಕ್ಕೆ ಕೊಟ್ಟ ಹೊಲ. ಮದುವೆಯಲ್ಲಿ ಅಥವಾ ಬಾಣಂತನಕ್ಕೆ ಬಂದಾಗ ಉಡಿ ತುಂಬಿ, ಕುಬಸದ ಕಣದ ಜೊತೆಗೆ ಅಪ್ಪ ‘ಆ ಎರಡೆಕರೆ ನಿನಗೆ’ ಎನ್ನುತ್ತಿದ್ದ. ತಂದೆ ಪಿತ್ರಾರ್ಜಿತದಲ್ಲಿ ಮಿತವಾದ ಒಂದು ಭಾಗವನ್ನು ಮಗಳಿಗೆ ಹೀಗೆ ಕೊಡಬಹುದು ಎಂದು ಸುಪ್ರೀಂ ಕೋರ್ಟ್ 1964ರಲ್ಲಿ ಎತ್ತಿಹಿಡಿದಿದೆ. ಅಡಚಣೆ ಇರುವುದು ಬರವಣಿಗೆಯಲ್ಲಿ. ಹೊಲದ ದಾನಕ್ಕೆ ನೋಂದಾಯಿತ ಪತ್ರ ಬೇಕೇ ಬೇಕು, ಬಾಯಿಮಾತಿನ ದಾನ ನಿಲ್ಲುವುದಿಲ್ಲ. ಬಹಳ ಕಡೆ ಪಹಣಿ ಅಣ್ಣತಮ್ಮಂದಿರ ಹೆಸರಲ್ಲೇ ಉಳಿಯಿತು, ವರ್ಷಕ್ಕೊಮ್ಮೆ ಅಕ್ಕನ ಮನೆಗೆ ಒಂದು ಚೀಲ ಜೋಳ ಹೋಯಿತು. ಅಕ್ಕ ತೀರಿಕೊಂಡ ಮೇಲೆ ಚೀಲವೂ ನಿಂತಿತು.

ಉಡಿಕೆಯ ಮಾತನ್ನೂ ಇಲ್ಲೇ ಹೇಳಬೇಕು. ಈ ಭಾಗದ ಅನೇಕ ಸಮುದಾಯಗಳಲ್ಲಿ ವಿಧವೆಗೆ ಮರುಮದುವೆ ಎಂದೂ ನಿಷಿದ್ಧವಾಗಿರಲಿಲ್ಲ. ಸೀರೆ ಉಡಿಸಿ ಕರೆದೊಯ್ದರೆ ಮುಗಿಯಿತು. 1856ರ ವಿಧವಾ ವಿವಾಹ ಕಾಯ್ದೆ ಮರುಮದುವೆಗೆ ದಾರಿ ತೆರೆದ ಪುಣ್ಯದ ಕಾಯ್ದೆ ಎಂದು ಓದುತ್ತೇವೆ. ಅದರ 2ನೇ ಕಲಮು ಮರುಮದುವೆಯಾದವಳು ಮೊದಲ ಗಂಡನ ಆಸ್ತಿ ಬಿಡಬೇಕು ಎನ್ನುತ್ತದೆ. ಮರುಮದುವೆ ಮೊದಲಿಂದಲೂ ನಡೆದುಬಂದ ಸಮುದಾಯದವಳಾದರೂ ಆಸ್ತಿ ಬಿಡಲೇಬೇಕು ಎಂದು ಮದ್ರಾಸ್ ಹೈಕೋರ್ಟ್ 1877ರಲ್ಲಿ ತೀರ್ಮಾನಿಸಿತು.

ಕಾಯ್ದೆ ಬಂದ ಬಗೆ

1937ರ ಹಿಂದೂ ಮಹಿಳೆಯರ ಆಸ್ತಿ ಹಕ್ಕು ಕಾಯ್ದೆ ವಿಧವೆಗೆ ಮಗನ ಸಮ ಪಾಲು ಕೊಟ್ಟಿತು, ಆದರೆ ಬದುಕಿರುವವರೆಗೆ ಮಾತ್ರ. ಮಗಳಿಗೆ ಏನೂ ಇಲ್ಲ. ಕೃಷಿಭೂಮಿ ಪ್ರಾಂತಗಳ ಅಧಿಕಾರದ ವಿಷಯವಾದ್ದರಿಂದ ಅದಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು 1941ರಲ್ಲಿ ಫೆಡರಲ್ ಕೋರ್ಟ್ ಹೇಳಿತು. ಹೊಲ ಬಿಟ್ಟು ಬೇರೆ ಆಸ್ತಿ ಇಲ್ಲದ ಬಳ್ಳಾರಿಯ ರೈತ ಮನೆತನದ ವಿಧವೆಗೆ ಅದು ಕೈಗೆ ಹತ್ತಿದ್ದು 1947ರಲ್ಲಿ ಮದ್ರಾಸ್ ಸರಕಾರ ಅದನ್ನು ಕೃಷಿಭೂಮಿಗೆ ವಿಸ್ತರಿಸಿದ ಮೇಲೆ. ಆಚೆ ದಂಡೆಯ ರಾಯಚೂರು, ಕೊಪ್ಪಳ ಹೈದರಾಬಾದ್ ಸಂಸ್ಥಾನದಲ್ಲಿದ್ದುದರಿಂದ ಬ್ರಿಟಿಷ್ ಇಂಡಿಯಾದ ಕಾಯ್ದೆ ಅಲ್ಲಿಗೆ ತಾನಾಗಿ ಹೋಗಲಿಲ್ಲ. ಮುಸ್ಲಿಂ ಮನೆತನಗಳಲ್ಲಿ ಶರೀಅತ್ ಪ್ರಕಾರ ಮಗಳಿಗೆ ಮಗನ ಅರ್ಧ ಪಾಲು ಮೊದಲಿಂದಲೂ ಇದೆ. ಆದರೆ 1937ರ ಶರೀಅತ್ ಕಾಯ್ದೆ ಕೃಷಿಭೂಮಿಯನ್ನು ಹೊರಗಿಟ್ಟಿತ್ತು, ಮದ್ರಾಸ್ ಪ್ರಾಂತದಲ್ಲಿ ಆ ಕೊರತೆ ನೀಗಿದ್ದು 1949ರಲ್ಲಿ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ನದಿಯ ಎರಡೂ ದಂಡೆಗೆ ಒಂದೇ ಕಾನೂನು ತಂದಿತು. ಹೆಣ್ಣಿನ ಸೀಮಿತ ಹಕ್ಕು ಪೂರ್ಣ ಹಕ್ಕಾಯಿತು, ಮಗಳು ಮೊದಲ ವರ್ಗದ ವಾರಸುದಾರಳಾದಳು. ಹುಟ್ಟಿನಿಂದ ಬರುವ ಹಕ್ಕು ಮಾತ್ರ ಗಂಡಿಗೇ ಉಳಿಯಿತು.

1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಆಂಧ್ರ ಸರಕಾರ 5 ಸೆಪ್ಟೆಂಬರ್ 1985ರಿಂದ ಮದುವೆಯಾಗದ ಹೆಣ್ಣುಮಕ್ಕಳಿಗೆ ಹುಟ್ಟಿನ ಹಕ್ಕು ಕೊಟ್ಟಿತು. ಕರ್ನಾಟಕ ಕೊಟ್ಟದ್ದು 30 ಜುಲೈ 1994ಕ್ಕೆ. ಒಂದೇ ಬೀಗತನದ ಮನೆಗಳು. ಆದೋನಿಯ ಹುಡುಗಿಗೆ ಇದ್ದ ಹಕ್ಕು ಬಳ್ಳಾರಿಯ ಹುಡುಗಿಗೆ ಬರಲು ಒಂಬತ್ತು ವರ್ಷ ಹಿಡಿಯಿತು. ಎರಡೂ ಕಡೆ ಅದಕ್ಕೂ ಮೊದಲೇ ಮದುವೆಯಾದ ಹೆಣ್ಣುಮಕ್ಕಳು ಹೊರಗುಳಿದರು. ಆ ಗೆರೆ ಅಳಿಸಿದ್ದು 9 ಸೆಪ್ಟೆಂಬರ್ 2005ರ ಕೇಂದ್ರದ ತಿದ್ದುಪಡಿ. ಆ ದಿನ ತಂದೆ ಬದುಕಿರಬೇಕು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರಿಂದ ಮತ್ತೆ ಐದು ವರ್ಷ ಗೊಂದಲ. 11 ಆಗಸ್ಟ್ 2020ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತೆಗೆದುಹಾಕಿತು. ಹಕ್ಕು ಹುಟ್ಟಿನಿಂದ ಬಂದದ್ದು, ತಂದೆ ಯಾವಾಗ ತೀರಿಕೊಂಡರೂ ಸರಿ. 20 ಡಿಸೆಂಬರ್ 2004ಕ್ಕೆ ಮೊದಲೇ ಸರಿಯಾಗಿ ವಿಭಾಗವಾಗಿ ಹೋಗಿದ್ದರೆ ಮಾತ್ರ ಅದನ್ನು ಕೆದಕುವಂತಿಲ್ಲ.

ಭೂಸುಧಾರಣೆಯಲ್ಲೂ ಇದೇ ತಾರತಮ್ಯವಿತ್ತು, ಅದನ್ನು ಎತ್ತಿ ಹೇಳುವವರು ಕಡಿಮೆ. 1974ರ ತಿದ್ದುಪಡಿಯ ಪ್ರಕಾರ ‘ಕುಟುಂಬ’ ಎಂದರೆ ಗಂಡ, ಹೆಂಡತಿ, ವಯಸ್ಸಿಗೆ ಬರದ ಗಂಡುಮಕ್ಕಳು, ಮದುವೆಯಾಗದ ಹೆಣ್ಣುಮಕ್ಕಳು. ವಯಸ್ಸಿಗೆ ಬಂದ ಮಗ ಬೇರೆ ಎಂದು ಲೆಕ್ಕ, ಇಟ್ಟುಕೊಳ್ಳಬಹುದಾದ ಹೊಲಕ್ಕೆ ಅವನಿಗೇ ಒಂದು ಮಿತಿ. 30 ವರ್ಷದ ಮದುವೆಯಾಗದ ಮಗಳು ಅಪ್ಪನ ಲೆಕ್ಕದೊಳಗೇ.

ಇದೇ ಹೊತ್ತಿಗೆ ಹೊಲದ ಕೆಲಸ ಹೆಚ್ಚು ಹೆಚ್ಚು ಹೆಣ್ಣಿನ ಕೈಗೆ ಬಂತು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟ ಮೇಲೆ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ಜೋಳದ ಹೊಲ ಗದ್ದೆಯಾಯಿತು. ಭತ್ತದ ನಾಟಿ ಪೂರ್ತಿ ಹೆಂಗಸರ ಕೆಲಸ. ಸಾಲಿನಿಂದ ಸಾಲಿಗೆ 20 ಸೆಂಟಿಮೀಟರ್, ಬುಡದಿಂದ ಬುಡಕ್ಕೆ 10 ಸೆಂಟಿಮೀಟರ್ ಎಂಬ ಶಿಫಾರಸಿನಂತೆ ಹಚ್ಚಿದರೆ ಒಂದು ಎಕರೆಗೆ ಸುಮಾರು 2 ಲಕ್ಷ ಬುಡ. ಪ್ರತಿ ಬುಡಕ್ಕೂ ಬಾಗಿದ ಬೆನ್ನು, ಕೆಸರಿಗಿಳಿದ ಕೈ. ಪಹಣಿಯ 12ನೇ ಕಾಲಂನಲ್ಲಿ ಸಾಗುವಳಿದಾರರ ಹೆಸರಿರುತ್ತದೆ, ಬೆಳೆಯ ಹೆಸರಿರುತ್ತದೆ. ಈ ಕೈಗಳ ಹೆಸರು ಅಲ್ಲಿ ಬರುವುದಿಲ್ಲ. ಗಂಡ ಗುಳೆ ಹೋದ ಮನೆಯಲ್ಲಿ ಬೆಳೆಸಾಲ, ಬೆಳೆವಿಮೆ, ವರ್ಷಕ್ಕೆ 6,000 ರೂಪಾಯಿಯ ಕಿಸಾನ್ ಸಮ್ಮಾನ್ ಹಣ ಎಲ್ಲವೂ ಪಹಣಿಯ ಹೆಸರು ಕೇಳುತ್ತವೆ. ಆ ಹೆಸರು ಮಾವನದೋ ಗಂಡನದೋ ಆಗಿರುತ್ತದೆ.

12 ಎಕರೆಯ ಲೆಕ್ಕ

12 ಎಕರೆ ಪಿತ್ರಾರ್ಜಿತ ಹೊಲ. ತಂದೆ, ತಾಯಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ತಂದೆ 1990ರಲ್ಲಿ ತೀರಿಕೊಂಡಿದ್ದು ಹಳೆಯ ಕಾನೂನಿನಂತೆ ಆಗಲೇ ಪಾಲಾಗಿದ್ದರೆ, ಮೊದಲು ಅಪ್ಪ ಮತ್ತು ಇಬ್ಬರು ಗಂಡುಮಕ್ಕಳಿಗೆ ತಲಾ 4 ಎಕರೆ ಎಂದು ವಿಂಗಡಿಸಬೇಕು. ಅಪ್ಪನ 4 ಎಕರೆ ಆಮೇಲೆ ನಾಲ್ವರಿಗೂ ತಲಾ 1 ಎಕರೆ. ಗಂಡುಮಕ್ಕಳಿಗೆ 5 ಎಕರೆಯಂತೆ, ತಾಯಿಗೆ 1, ಮಗಳಿಗೆ 1.

ಅದೇ ತಂದೆ 2010ರಲ್ಲಿ ತೀರಿಕೊಂಡಿದ್ದರೆ ಮೊದಲ ಹಂತದಲ್ಲೇ ಮಗಳೂ ಸೇರುತ್ತಾಳೆ. ನಾಲ್ಕು ಪಾಲು, ತಲಾ 3 ಎಕರೆ. ಅಪ್ಪನ 3 ಎಕರೆ ನಾಲ್ವರಿಗೆ ತಲಾ 30 ಗುಂಟೆ. ಮಕ್ಕಳು ಮೂವರಿಗೂ 3 ಎಕರೆ 30 ಗುಂಟೆ. ತಾಯಿಗೆ ಬರೀ 30 ಗುಂಟೆ.

ಮಗಳ ಪಾಲು ಬೆಳೆದಾಗ ತಾಯಿಯ ಪಾಲು 10 ಗುಂಟೆ ಕುಗ್ಗಿತು. ತಿದ್ದುಪಡಿಯ ಚರ್ಚೆಯಲ್ಲಿ ಇದು ಸಾಕಷ್ಟು ಕೇಳಿಬರುವುದಿಲ್ಲ, ಕೇಳಿಬರಬೇಕು. ಇದು ಮಿತಾಕ್ಷರ ಕಾನೂನಿನ ಮದ್ರಾಸ್ ಶಾಖೆಯ ಲೆಕ್ಕ, ಅಲ್ಲಿ ಅಪ್ಪ ಮಕ್ಕಳ ವಿಭಾಗದಲ್ಲಿ ತಾಯಿಗೆ ಪಾಲು ಕೊಡುವ ರೂಢಿ ಬಿಟ್ಟುಹೋಗಿದೆ. ಮುಂಬೈ ಶಾಖೆಯಲ್ಲಿ ತಾಯಿಗೂ ಮೊದಲ ಹಂತದಲ್ಲೇ ಒಂದು ಪಾಲುಂಟು. ಹೊಲ ತಂದೆಯ ಸ್ವಯಾರ್ಜಿತವಾಗಿದ್ದು ಉಯಿಲು ಬರೆಯದೆ ಹೋಗಿದ್ದರೆ ಲೆಕ್ಕ ಸರಳ, ನಾಲ್ವರಿಗೂ ತಲಾ 3 ಎಕರೆ.

ಕಚೇರಿಯಲ್ಲಿ ಎಲ್ಲಿ ತಪ್ಪುತ್ತದೆ

ಮೊದಲ ತಪ್ಪು ವಂಶವೃಕ್ಷದಲ್ಲಿ. ನಾಡಕಚೇರಿಗೆ ಅರ್ಜಿ ಕೊಡುವವನು ಮಗ, ಪ್ರಮಾಣಪತ್ರ (ಅಫಿಡವಿಟ್) ಬರೆಯುವವನೂ ಅವನೇ. ಮದುವೆಯಾಗಿ ಬೇರೆ ತಾಲ್ಲೂಕಿಗೆ ಹೋದ ಅಕ್ಕತಂಗಿಯರ ಹೆಸರು ಬಿಟ್ಟುಹೋಗುತ್ತದೆ, ತೀರಿಕೊಂಡ ಅಕ್ಕನ ಹೆಸರಂತೂ ಬಹಳ ಸಲ ಬರುವುದೇ ಇಲ್ಲ. ಅವಳು ಸತ್ತಿದ್ದರೂ ಅವಳ ಮಕ್ಕಳಿಗೆ ಆ ಪಾಲು ಹೋಗುತ್ತದೆ, ಆದ್ದರಿಂದ ವಂಶವೃಕ್ಷದಲ್ಲಿ ಅವಳ ಕೊಂಬೆ ಇರಲೇಬೇಕು. ಹೆಸರು ಬಿಟ್ಟದ್ದು ತಿಳಿದ ಕೂಡಲೇ ತಹಶೀಲ್ದಾರರಿಗೆ ಬರವಣಿಗೆಯಲ್ಲಿ ತಕರಾರು ಕೊಟ್ಟು ಸ್ವೀಕೃತಿ ಪಡೆಯಬೇಕು. ಮ್ಯುಟೇಶನ್ ನೋಟಿಸಿನ ಅವಧಿಯೊಳಗೆ ತಕರಾರು ಬಿದ್ದರೆ ಅದು ತಕರಾರು ಪ್ರಕರಣವಾಗಿ ವಿಚಾರಣೆಗೆ ಬರುತ್ತದೆ. ಬಾಯಲ್ಲಿ ಹೇಳಿ ಬಂದರೆ ಕಡತದಲ್ಲಿ ಏನೂ ಉಳಿಯುವುದಿಲ್ಲ.

ಎರಡನೆಯದು ಸಹಿ. ಅಪ್ಪನ ದಿನಕರ್ಮಕ್ಕೆ ಎಲ್ಲರೂ ಸೇರಿದಾಗ, ಉಡಿ ತುಂಬಿದ ಕೈಗೇ ಕಾಗದ ಕೊಟ್ಟು ‘ತವರು ಬೇಕೋ ಹೊಲ ಬೇಕೋ’ ಎಂಬ ಮಾತು ಬರುತ್ತದೆ. ಬಿಳಿ ಕಾಗದದ ಸಹಿಯಿಂದ ಹೊಲದ ಹಕ್ಕು ಹೋಗುವುದಿಲ್ಲ. ಹಕ್ಕು ಬಿಡುಗಡೆ ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾದರೆ ಮಾತ್ರ ಹೋಗುತ್ತದೆ. ಒಮ್ಮೆ ನೋಂದಣಿಯಾದರೆ ಅದನ್ನು ಮುರಿಯುವುದು ಕಷ್ಟ. ಮೋಸವೆಂದು ತಿಳಿದ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕು. ಹಾಗಾಗಿ ಕಾಗದ ಓದಿಸಿಕೊಳ್ಳದೆ ಆ ಕಚೇರಿಯ ಮೆಟ್ಟಿಲು ಹತ್ತಬಾರದು.

ಹೊಲ ತುಂಡಾಗುತ್ತದೆ ಎಂಬ ಅಳಲನ್ನೂ ಎದುರಿಡುತ್ತಾರೆ. ನಾಲ್ವರು ಗಂಡುಮಕ್ಕಳಿರುವ ಮನೆಯಲ್ಲಿ 12 ಎಕರೆ ನಾಲ್ಕು ತುಂಡಾದಾಗ ಈ ಅಳಲು ಯಾರ ಬಾಯಲ್ಲೂ ಬಂದಿಲ್ಲ. ಮಗಳ ಪಾಲನ್ನು ತಮ್ಮಂದಿರೇ ಲಾವಣಿಗೆ (ಗುತ್ತಿಗೆಗೆ) ಮಾಡಿಕೊಂಡು ವರ್ಷಕ್ಕಿಷ್ಟು ಎಂದು ಕೊಡಬಹುದು, ಬೆಲೆ ಕಟ್ಟಿ ಕೊಂಡುಕೊಳ್ಳಬಹುದು. ಹೊಲ ತುಂಡಾಗದೆ ಹಕ್ಕು ಕೊಡುವ ದಾರಿ ಇದೆ.

ಪೌತಿ ವಾರಸಾ (ಸತ್ತವರ ಹೆಸರಿನ ಬದಲು ವಾರಸುದಾರರ ಹೆಸರು ಏರಿಸುವುದು) ಮಾಡಿಸಿ ಎಲ್ಲರ ಹೆಸರು ಜಂಟಿಯಾಗಿ ಬಂದರೆ ಪಾಲಾಯಿತು ಎಂದುಕೊಳ್ಳುವವರಿದ್ದಾರೆ. ಅದು ಪಾಲಲ್ಲ. ಪಾಲಾಗಬೇಕಾದರೆ 11ಇ ನಕ್ಷೆ (ಪಾಲು ಗುರುತಿಸಿದ ಅಳತೆಯ ನಕ್ಷೆ) ಮಾಡಿಸಿ, ವಾಟಣಿ (ಪಾಲು) ಪತ್ರ ನೋಂದಾಯಿಸಿ, ಪೋಡಿಯಾಗಿ, ಅಂದರೆ ಸರ್ವೆಯಲ್ಲಿ ಹೊಲ ಬೇರೆಯಾಗಿ, ಬೇರೆ ಹಿಸ್ಸಾ ನಂಬರು ಬೀಳಬೇಕು. ‘ಬಾಯಲ್ಲೇ ಪಾಲಾಗಿತ್ತು’ ಎಂಬ ವಾದವನ್ನು ಸಾರ್ವಜನಿಕ ದಾಖಲೆಯ ಬಲವಿದ್ದಾಗ, ಅದೂ ಅಪರೂಪಕ್ಕೆ, ಕೋರ್ಟು ಒಪ್ಪಬಹುದು ಎಂದು 2020ರ ತೀರ್ಪು ಹೇಳಿದೆ. ಪಾಲು ಕೊಡುವುದಿಲ್ಲ ಎಂದು ತಿಳಿದ ಮೇಲೆ ಸುಮ್ಮನೆ ಕೂತರೆ 12 ವರ್ಷಕ್ಕೆ ದಾವೆಯ ಅವಧಿ ಮುಗಿಯುತ್ತದೆ.

ವಾಟಣಿ ಬರೆಸುವಾಗ ತಾಯಿಯ ಕಲಮನ್ನು ಎರಡು ಸಲ ಓದಬೇಕು. ಪತ್ರ ಬರೆಯುವವರು ರೂಢಿಯಂತೆ ‘ಜೀವನಾಂಶಕ್ಕಾಗಿ, ಬದುಕಿರುವವರೆಗೆ ಅನುಭವಿಸತಕ್ಕದ್ದು’ ಎಂದು ಹಾಕುತ್ತಾರೆ. ಜೀವನಾಂಶದ ಹಕ್ಕಿಗೆ ಬದಲಾಗಿ ಬಂದ ಆಸ್ತಿ ಪೂರ್ಣ ಹಕ್ಕಾಗುತ್ತದೆ ಎಂದು ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದ್ದರೂ, ‘ಬದುಕಿರುವವರೆಗೆ’ ಎಂಬ ಶಬ್ದ ಹಿಡಿದು ಮೊಮ್ಮಕ್ಕಳ ಕಾಲದಲ್ಲಿ ದಾವೆ ಎದ್ದೇ ಏಳುತ್ತದೆ. ಆ ಶಬ್ದ ಹೊಡೆಸಿ, ತಾಯಿಯ 30 ಗುಂಟೆಯ ಮುಂದೆ ‘ಪೂರ್ಣ ಮಾಲೀಕತ್ವದ ಹಕ್ಕಿನಿಂದ’ ಎಂದು ಬರೆಸಿ, ಚೆಕ್ಕುಬಂದಿಯ ನಾಲ್ಕೂ ದಿಕ್ಕನ್ನು ನಕ್ಷೆಯ ಜೊತೆ ತಾಳೆ ನೋಡಿ, ಆಮೇಲೆ ತಾಯಿಯ ಹೆಬ್ಬೆಟ್ಟು ಒತ್ತಿಸಬೇಕು.